ಮನ್ರೋನ ಜೀವನಚರಿತ್ರೆಯಲ್ಲಿ ಪಂಜ ಸೀಮೆ ಎಲ್ಲಿದೆ?

ಸರ್ ಥಾಮಸ್ ಮನ್ರೋನಿಗೆ ದಕ್ಷಿಣ ಭಾರತದಲ್ಲಿ ಎರಡು ಜೀವನಚರಿತ್ರೆಗಳಿವೆ. ಒಂದು ಅಚ್ಚಾದದ್ದು. ಅವನು ತೀರಿಕೊಂಡ ಮೂರು ವರ್ಷಕ್ಕೆ, 1830ರಲ್ಲಿ, ಜಿ. ಆರ್. ಗ್ಲೀಗ್ ಎಂಬ ಪಾದ್ರಿ ಅವನ ಪತ್ರಗಳನ್ನು ಕಲೆಹಾಕಿ ಲಂಡನ್ನಿನಲ್ಲಿ ಪ್ರಕಟಿಸಿದ ಮೂರು ಸಂಪುಟಗಳು. ಇನ್ನೊಂದು ಬಾಯಿಂದ ಬಾಯಿಗೆ ಬಂದದ್ದು. ಮಠದ ಇನಾಮು ಭೂಮಿಯ ವಿಚಾರಣೆಗೆಂದು ಮಂತ್ರಾಲಯಕ್ಕೆ ಹೋದ ಮನ್ರೋನಿಗೆ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದ ಕಾಣಿಸಿಕೊಂಡು ಮಾತಾಡಿದರಂತೆ. ಜೊತೆಯಲ್ಲಿದ್ದವರಿಗೆ ಏನೂ ಕಾಣಲಿಲ್ಲವಂತೆ. ತಿರುಮಲೆಯಲ್ಲಿ ಅವನ ಹೆಸರಿನ ಗಂಗಾಳದಲ್ಲಿ ದೇವರಿಗೆ ನೈವೇದ್ಯ ನಡೆಯುತ್ತದೆ. ಕಡಪ ಸೀಮೆಯ ಗಂಡಿಯಲ್ಲಿ, ಎರಡು ಗುಡ್ಡಗಳ ನಡುವೆ ಕಟ್ಟಿದ್ದ ಚಿನ್ನದ ತೋರಣ ಸಾಯುವ ಮೊದಲು ಅವನ ಕಣ್ಣಿಗೆ ಬಿತ್ತೆಂಬ ಕತೆಯಿದೆ. ಆ ಕಡೆ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುತ್ತಿದ್ದರೆಂಬ ಮಾತೂ ಇದೆ.

ಎರಡೂ ಜೀವನಚರಿತ್ರೆಗಳು ಒಂದೇ ಮಾತು ಹೇಳುತ್ತವೆ: ಮನ್ರೋ ಒಳ್ಳೆಯವನು. ಜನರ ಮಾತಿಗೆ ಕಿವಿಗೊಟ್ಟ ದೊರೆ. ಕಂಪೆನಿ ಸರಕಾರದ ದೊಡ್ಡ ಅಧಿಕಾರಿಗಳಲ್ಲಿ ಇಷ್ಟು ಒಳ್ಳೆಯ ಹೆಸರು ಗಳಿಸಿದವರು ಬೆರಳೆಣಿಕೆಯಷ್ಟು. ಈ ಹೆಸರನ್ನು ಸುಳ್ಳೆಂದು ಸಾಬೀತು ಮಾಡುವುದು ಈ ಬರಹದ ಉದ್ದೇಶವಲ್ಲ. ಆದರೆ ಪುತ್ತೂರು, ಸುಳ್ಯ, ಕಡಬದ ಕಡೆಯಿಂದ, ಅದರಲ್ಲೂ ನನ್ನ ಊರಾದ ಪಂಜದಿಂದ ನೋಡಿದಾಗ, ಮನ್ರೋನ ಬದುಕನ್ನು ಬರೆದಿರುವ ಕ್ರಮದಲ್ಲೇ ಏನೋ ತಪ್ಪಿಹೋಗಿದೆ ಅನ್ನಿಸುತ್ತದೆ. ಅದೇನೆಂದು ಹುಡುಕಲು ಅವನು ಕೆನರಾದಲ್ಲಿದ್ದ ಕಾಲದ ಬರಹಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಮೊದಲು ಬದುಕಿನ ಗೆರೆಗಳು. ಮನ್ರೋ ಹುಟ್ಟಿದ್ದು 1761ರಲ್ಲಿ, ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ. ಅಪ್ಪ ಅಮೆರಿಕದ ವರ್ಜೀನಿಯಾದೊಂದಿಗೆ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದವನು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ವ್ಯಾಪಾರ ಮುಳುಗಿತು. ಮಗ 1780ರ ಜನವರಿಯಲ್ಲಿ ಕಂಪೆನಿಯ ಸೈನ್ಯದ ಕೆಡೆಟ್ ಆಗಿ ಮದ್ರಾಸಿನಲ್ಲಿ ಇಳಿದ. ಹೈದರನ ವಿರುದ್ಧ, ಟಿಪ್ಪುವಿನ ವಿರುದ್ಧ ಹೋರಾಡಿದ. 1792ರಿಂದ ಏಳು ವರ್ಷ ಬಾರಾಮಹಲಿನಲ್ಲಿ ಕಂದಾಯದ ಕೆಲಸ ಕಲಿತ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾಕ್ಕೆ ಬಂದ. 1800ರ ಕೊನೆಯಿಂದ 1807ರವರೆಗೆ ಬಳ್ಳಾರಿ, ಅನಂತಪುರ, ಕಡಪದ ದತ್ತ ಜಿಲ್ಲೆಗಳಲ್ಲಿದ್ದ. 1813ರಲ್ಲಿ ಇಂಗ್ಲೆಂಡಿನ ಸಂಸತ್ತಿನ ಮುಂದೆ ಸಾಕ್ಷಿ ನುಡಿದ. 1817-18ರ ಮರಾಠಾ ಯುದ್ಧದಲ್ಲಿ ಸಣ್ಣ ದಂಡು ಕಟ್ಟಿಕೊಂಡು ಬಾದಾಮಿ, ಬೆಳಗಾವಿ, ಸೊಲ್ಲಾಪುರದ ಕೋಟೆಗಳನ್ನು ಗೆದ್ದ. ಮೇಜರ್ ಜನರಲ್ ಆದ, 1820ರಲ್ಲಿ ಮದ್ರಾಸಿನ ಗವರ್ನರ್ ಆದ. 1827ರ ಜುಲೈ 6ರಂದು, ದತ್ತ ಜಿಲ್ಲೆಗಳಿಗೆ ವಿದಾಯ ಹೇಳಲು ಹೊರಟ ಪ್ರವಾಸದಲ್ಲಿ, ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಸಿಪಾಯಿಯಾಗಿ ಬಂದವನ ಬದುಕಿನ ಬಹುಪಾಲು ಕಂದಾಯದ ಲೆಕ್ಕದಲ್ಲೇ ಕಳೆಯಿತು.

ಗ್ಲೀಗ್ ಪಾದ್ರಿಯಾಗುವ ಮೊದಲು ಸೈನಿಕನಾಗಿದ್ದವನು. ತನ್ನ ಯುದ್ಧದ ಅನುಭವಗಳನ್ನು ಬರೆದು ಹೆಸರು ಮಾಡಿದವನು. ಹೀಗಾಗಿ ಅವನಿಗೆ ಮನ್ರೋನಲ್ಲಿ ಮೊದಲು ಕಂಡದ್ದು ಸೈನಿಕನ ಸರಳತೆ. ಅವನ ವಿಧಾನವೂ ಸರಳ: ಮನ್ರೋ ಅಪ್ಪ, ಅಮ್ಮ, ಅಕ್ಕತಂಗಿಯರಿಗೆ ಬರೆದ ಪತ್ರಗಳನ್ನು ಸಾಲಾಗಿ ಜೋಡಿಸುವುದು, ನಡುನಡುವೆ ಒಂದೆರಡು ಮಾತು ಸೇರಿಸುವುದು. ಇದರಿಂದ ಲಾಭವಾದದ್ದು ನಿಜ. ಮನ್ರೋನ ಪತ್ರಗಳು ಚೆನ್ನಾಗಿವೆ. ಮದ್ರಾಸಿನಲ್ಲಿ ಇಳಿದ ಹೊಸತರಲ್ಲಿ ಒಬ್ಬ ಮುದಿ ಸೇವಕ ಈ ನಾಡಿನ ಪದ್ಧತಿ ಎಂದು ಹೇಳಿ ತನ್ನ ಬಟ್ಟೆಬರೆ, ದುಡ್ಡು ಹೊತ್ತುಕೊಂಡು ಹೋದದ್ದನ್ನು ಅವನು ತನ್ನನ್ನೇ ಗೇಲಿ ಮಾಡಿಕೊಂಡು ಬರೆಯುತ್ತಾನೆ. ಭಾರತದಲ್ಲಿ ಎಲ್ಲರೂ ನವಾಬರಂತೆ ಬದುಕುತ್ತಾರೆಂದು ನಂಬಿದ್ದ ತಂಗಿಗೆ, ಹಸಿವು, ಬಾಯಾರಿಕೆ, ದಣಿವು ಆಗಾಗ ಬಂದುಹೋಗುವ ನೆಂಟರು, ಬಡತನ ಮಾತ್ರ ಬಿಡದ ಜೊತೆಗಾರ ಎಂಬ ಅರ್ಥದಲ್ಲಿ ತನ್ನ ಬಿಡಾರದ ಸ್ಥಿತಿ ವಿವರಿಸುತ್ತಾನೆ. ಓದಿದವರಿಗೆ ಆ ಹುಡುಗನ ಮೇಲೆ ಪ್ರೀತಿ ಹುಟ್ಟದೆ ಇರದು.

ಅವನ ಓದಿನ ಹವ್ಯಾಸಕ್ಕೂ ಪುರಾವೆಯಿದೆ. ಪರ್ಷಿಯನ್ ಕಲಿಯುತ್ತಿದ್ದ ಕಾಲದಲ್ಲಿ ಅವನಿಗೊಂದು ಹಸ್ತಪ್ರತಿಯಲ್ಲಿ ಸಾಲದ ಕತೆ ಸಿಕ್ಕಿತು: ಸಾಲ ತೀರಿಸದಿದ್ದರೆ ಒಂದು ತೂಕ ಮಾಂಸ ಕೊಡಬೇಕೆಂಬ ಕರಾರು, ನ್ಯಾಯ ತೀರ್ಮಾನಿಸಲು ಕೂತ ಕಾಜಿ, ಅಳತೆ ತಪ್ಪದಂತೆ ಕೊಯ್ಯಬೇಕೆಂಬ ತೀರ್ಪು. 'ವೆನಿಸ್ಸಿನ ವರ್ತಕ' ನಾಟಕಕ್ಕೆ ಇದು ಎಷ್ಟು ಹತ್ತಿರ ಎಂದು ಗುರುತಿಸಿ ಮನ್ರೋ ಅದನ್ನು ಇಂಗ್ಲಿಷಿಗೆ ತಂದ. ಶೇಕ್ಸ್‌ಪಿಯರ್ ವಿದ್ವಾಂಸ ಎಡ್ಮಂಡ್ ಮಲೋನ್ ತನ್ನ 1790ರ ಆವೃತ್ತಿಯಲ್ಲಿ ಅದನ್ನು ಸೇರಿಸಿಕೊಂಡ. ಸಾಲ, ಕರಾರು, ಎಷ್ಟು ಕೊಯ್ದರೆ ನ್ಯಾಯ ಎಂಬ ಪ್ರಶ್ನೆ ಮುಂದೆ ಅವನ ವೃತ್ತಿಯೇ ಆಗಿಹೋಯಿತು. ಆಳಬೇಕಾದ ನಾಡಿನ ಬರಹವನ್ನು ಹುಡುಕಿ ಓದುವ ಚಟ ಅವನಲ್ಲಿ ಮೊದಲಿನಿಂದಲೂ ಇತ್ತು ಎಂಬುದನ್ನು ಇಲ್ಲಿ ಗಮನಿಸಿ ಇಟ್ಟುಕೊಳ್ಳೋಣ. ಕೆನರಾದಲ್ಲಿ ಅದೇ ಚಟ ಅವನ ಕೈಹಿಡಿಯಿತು.

ಗ್ಲೀಗನ ವಿಧಾನದಲ್ಲಿ ಒಂದು ಅಪಾಯವಿದೆ. ಮನೆಯವರಿಗೆ ಬರೆದ ಪತ್ರಗಳೇ ಕಥೆಯ ಬೆನ್ನೆಲುಬಾದಾಗ, ಅಧಿಕಾರದ ಬರಹಗಳನ್ನೂ ನಾವು ಅದೇ ಸ್ವರದಲ್ಲಿ ಕೇಳಲು ತೊಡಗುತ್ತೇವೆ. ತಂಗಿಯೊಂದಿಗೆ ತಮಾಷೆ ಮಾಡುವ ಮನುಷ್ಯನೇ ಕಂದಾಯ ಮಂಡಳಿಗೂ ಬರೆಯುತ್ತಿದ್ದಾನೆ, ಹಾಗಾಗಿ ಅಲ್ಲಿಯೂ ಅದೇ ಮಿದು ಮನಸ್ಸು ಇರಲೇಬೇಕು ಎಂಬ ನಂಬಿಕೆ ತಾನಾಗಿ ಬೆಳೆಯುತ್ತದೆ. ಆ ಬಳಿಕ ಬಂದ ಬರಹಗಾರರೂ ಇದೇ ದಾರಿ ಹಿಡಿದರು. 1881ರಲ್ಲಿ ಆರ್ಬುತ್‌ನಾಟ್ ಮನ್ರೋನ ಅಧಿಕೃತ ಬರಹಗಳನ್ನು ಆಯ್ದು ಪ್ರಕಟಿಸಿದ. 1894ರಲ್ಲಿ ಬ್ರಾಡ್‌ಷಾ ಬರೆದ ಜೀವನಚರಿತ್ರೆ 'ಭಾರತದ ಆಳರಸರು' ಎಂಬ ಮಾಲೆಯಲ್ಲಿ ಬಂತು. ಆ ಮಾಲೆಯಲ್ಲಿ ಅಶೋಕನಿಗೂ ಅಕ್ಬರನಿಗೂ ಸಾಲು ಸಿಕ್ಕಿದಂತೆ ಮನ್ರೋನಿಗೂ ಸಿಕ್ಕಿತು. 1989ರಲ್ಲಿ ಬರ್ಟನ್ ಸ್ಟೈನ್ ಬರೆದ ಪುಸ್ತಕದವರೆಗೆ, ಮನ್ರೋನನ್ನು ಒಳ್ಳೆಯವನೋ ಕೆಟ್ಟವನೋ ಎಂದು ಕೇಳುವ ಬದಲು ಅವನು ಕಟ್ಟಿದ್ದು ಯಾವ ಬಗೆಯ ರಾಜ್ಯ ಎಂದು ಗಟ್ಟಿಯಾಗಿ ಕೇಳಿದವರು ಕಡಿಮೆ.

ಕೆನರಾಕ್ಕೆ ಬರಲು ಮನ್ರೋನಿಗೆ ಮನಸ್ಸಿರಲಿಲ್ಲ. ಬಾರಾಮಹಲಿನ ಒಣ ಬಯಲು, ಅಲ್ಲಿ ತಾನೇ ಬೆಳೆಸಿದ ತೋಟ ಬಿಟ್ಟು, ಕಾರವಾರದಿಂದ ನೀಲೇಶ್ವರದವರೆಗಿನ ಈ ಮಳೆನಾಡಿಗೆ 1799ರ ಮಳೆಗಾಲದಲ್ಲಿ ಬಂದ. ಸುಮಾರು ಹದಿನಾರು ತಿಂಗಳಿದ್ದ. ಆ ಹದಿನಾರು ತಿಂಗಳೂ ಇಲ್ಲಿಂದ ಬಿಡುಗಡೆ ಕೇಳುತ್ತಲೇ ಇದ್ದ. ಮನೆಗೆ ಬರೆದ ಪತ್ರಗಳಲ್ಲಿ ಮಳೆ, ಕೆಸರು, ಹೊಳೆ, ಕಾಡು, ಕಚೇರಿಗೆ ಕರೆದರೆ ಸುಲಭಕ್ಕೆ ಬಾರದ, ಬಂದರೆ ವಾದಕ್ಕೆ ನಿಲ್ಲುವ ಜನ. ಈ ಪತ್ರಗಳನ್ನಷ್ಟೇ ಓದಿದರೆ ಕೆನರಾ ಅವನ ಬದುಕಿನ ಒಂದು ಬೇಸರದ ಅಧ್ಯಾಯ. ಜೀವನಚರಿತ್ರೆಗಳೂ ಅದನ್ನು ಹಾಗೆಯೇ ಬೇಗ ದಾಟಿ, ಅವನು ಮನಸಾರೆ ದುಡಿದ ದತ್ತ ಜಿಲ್ಲೆಗಳ ಕಡೆಗೆ ಹೋಗುತ್ತವೆ.

ಆದರೆ ಇದೇ ಬೇಸರದ ದಿನಗಳಲ್ಲಿ ಅವನು ಕಂದಾಯ ಮಂಡಳಿಗೆ ಬರೆದ ಎರಡು ವರದಿಗಳಿವೆ: 1800ರ ಮೇ 31ರದ್ದು, ಅದೇ ವರ್ಷದ ನವೆಂಬರ್ 9ರದ್ದು. ನನ್ನ ಓದಿನಲ್ಲಿ ಇವು ಅವನ ಅತ್ಯುತ್ತಮ ಗದ್ಯ. ಯಾಕೆಂದರೆ ಇಲ್ಲಿ ಅವನು ಓದುಗ. ಕರಾವಳಿಯ ಶಾನುಭೋಗರು ಲೆಕ್ಕ ಇಡುತ್ತಿದ್ದುದು ಕಡತಗಳಲ್ಲಿ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದದ್ದು. ಮನ್ರೋ ಈ ಹಳೆಯ ಲೆಕ್ಕಗಳನ್ನು ತರಿಸಿ, ಓದಿಸಿ, ಒಂದಕ್ಕೊಂದು ತಾಳೆ ನೋಡಿದ. ಅದರಿಂದ ಅವನಿಗೆ ಹೊಳೆದದ್ದು ಆ ಕಾಲಕ್ಕೆ ದೊಡ್ಡ ಮಾತು. ಭಾರತದಲ್ಲಿ ಭೂಮಿಯೆಲ್ಲ ದೊರೆಯದು, ರೈತ ಬರೀ ಉಳುವವನು ಎಂದು ಕಂಪೆನಿಯವರು ಸಾಮಾನ್ಯವಾಗಿ ನಂಬಿದ್ದರು. ಮನ್ರೋ ಹೇಳಿದ: ಕೆನರಾದಲ್ಲಿ ಹಾಗಿಲ್ಲ. ಇಲ್ಲಿ ವರ್ಗದಾರನೇ ಭೂಮಿಯ ಒಡೆಯ. ಅವನು ಮಾರಬಲ್ಲ, ಅಡವಿಡಬಲ್ಲ, ಮಕ್ಕಳಿಗೋ ಅಳಿಯಕಟ್ಟಿನಂತೆ ಸೋದರಳಿಯನಿಗೋ ಬಿಟ್ಟುಹೋಗಬಲ್ಲ. ಈ ಹಕ್ಕು ಈಗಿನ ಯಾವ ದೊರೆಯೂ ಕೊಟ್ಟದ್ದಲ್ಲ.

ಈ ಮಾತಿಗೆ ನಾವು ಋಣಿಗಳಾಗಿರಲು ಕಾರಣವಿದೆ. ಹೊರಗಿಂದ ಬಂದ ಒಬ್ಬ ಅಧಿಕಾರಿ, ತನ್ನ ಸರಕಾರಕ್ಕೆ ಅನುಕೂಲವಲ್ಲದ ಸಂಗತಿಯನ್ನು ದಾಖಲೆ ನೋಡಿ ಒಪ್ಪಿಕೊಂಡು ಬರೆದ. ಮುಂದೆ ಕೆನರಾದ ಭೂಮಾಲಿಕರು ಸರಕಾರದ ವಿರುದ್ಧ ವಾದಿಸುವಾಗಲೆಲ್ಲ ಮನ್ರೋನ ವರದಿಯೇ ಅವರ ಕೈದುವಾಯಿತು. 1875ರಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ನಡೆದ ಕೆನರಾ ಕಂದಾಯದ ಪ್ರಸಿದ್ಧ ಮೊಕದ್ದಮೆಯಲ್ಲೂ ಅದರ ಚರ್ಚೆಯಿದೆ.

ಇನ್ನು ವರದಿಯನ್ನು ಒಂದು ಕಥನವಾಗಿ ನೋಡೋಣ. ಅದರಲ್ಲಿ ಒಂದು ಲೆಕ್ಕ ಬರುತ್ತದೆ. ವಿಜಯನಗರದ ಹರಿಹರನ ಕಾಲದಲ್ಲಿ ಹುಟ್ಟುವಳಿಯನ್ನು 30 ಪಾಲು ಮಾಡಿದರೆ 15 ಬೇಸಾಯ ಮಾಡಿದವನಿಗೆ, 7½ ಒಡೆಯನಿಗೆ, 7½ ಸರಕಾರಕ್ಕೆ; ಸರಕಾರದ ಆ ಪಾಲಿನಲ್ಲಿ ದೇವಸ್ಥಾನ, ಬ್ರಾಹ್ಮಣರಿಗೆ ಸಲ್ಲುವ 2½ನ್ನೂ ಸರಕಾರವೇ ವಸೂಲು ಮಾಡುತ್ತಿತ್ತು. ಬಳಿಕ ಕೆಳದಿಯವರು ಅದರ ಮೇಲೆ ಏರಿಸಿದರು. ಶಿವಪ್ಪನಾಯಕನ ಶಿಸ್ತು ನಿಂತಿತು. ಹೈದರ್ ಮತ್ತು ಟಿಪ್ಪು ಅದಕ್ಕೆ ಹೇರಿದ ಹೊಸ ಹೊರೆ ಶಾಮಿಲು ಎನಿಸಿತು. ನಾಡು ಬಡವಾಯಿತು. ಈಗ ಕಂಪೆನಿ ಬಂದಿದೆ, ಹೊರೆ ಇಳಿಸಬೇಕು. ಚಿನ್ನದ ಯುಗ, ಅವನತಿ, ಉದ್ಧಾರ ಎಂಬ ಈ ಆಕಾರ ನಮಗೆ ಪುರಾಣದಿಂದ ಪರಿಚಿತವಾದದ್ದೇ. ಕತೆಯ ಕೊನೆಗೆ ಬರುವವನು ಉದ್ಧಾರಕನ ಜಾಗದಲ್ಲಿ ನಿಲ್ಲುತ್ತಾನೆ. ಆದರೆ ಮನ್ರೋ ನಿಜವಾಗಿ ಮಾಡಿದ್ದೇನು? ಹರಿಹರನ ಲೆಕ್ಕಕ್ಕೆ ಮರಳಲಿಲ್ಲ. ಕೆಳದಿಯ ಶಿಸ್ತಿಗೂ ಮರಳಲಿಲ್ಲ. ಶಾಮಿಲಿನಲ್ಲಿ ಒಂದಂಶ ಬಿಟ್ಟು ಉಳಿದದ್ದನ್ನು ಇಟ್ಟುಕೊಂಡ. ತಾನೇ ಹೊರೆಯೆಂದು ಬರೆದದ್ದರ ಬಹುಪಾಲನ್ನು ತಾನೇ ವಸೂಲು ಮಾಡಿದ. ಕಂಪೆನಿಗೆ ಹಣ ಬೇಕಿತ್ತು, ಅವನ ಕೈ ಕಟ್ಟಿತ್ತು ಎನ್ನಬಹುದು. ವರದಿಯಲ್ಲಿ ಆ ಇಕ್ಕಟ್ಟಿನ ಅರಿವೂ ಇದೆ. ಆದರೂ, ಒಡೆಯ ಯಾರೆಂದು ಇಷ್ಟು ಶ್ರದ್ಧೆಯಿಂದ ಗುರುತಿಸಿದ್ದರಿಂದ ಸರಕಾರಕ್ಕೆ ಇನ್ನೊಂದು ಪ್ರಯೋಜನವಾಯಿತೆಂಬುದನ್ನು ಮರೆಯಬಾರದು. ಕಂದಾಯದ ಚೀಟಿ ಯಾರ ಹೆಸರಿಗೆ ಹೋಗಬೇಕೆಂಬುದು ಅದರಿಂದ ಖಚಿತವಾಯಿತು.

ಆ 30ರ ಲೆಕ್ಕದಲ್ಲಿ 15 ಪಾಲು ಪಡೆದ 'ಬೇಸಾಯ ಮಾಡಿದವನು' ಯಾರು? ಮನ್ರೋನ ಕಣ್ಣು ಈ ಪ್ರಶ್ನೆಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವನು ಕೆನರಾ ಬಿಟ್ಟ ಕೆಲವೇ ತಿಂಗಳಲ್ಲಿ, 1801ರ ಆರಂಭದಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಇದೇ ದಾರಿಯಲ್ಲಿ ಪ್ರವಾಸ ಮಾಡಿದ. ಬುಕಾನನ್ನನ ಗದ್ಯದಲ್ಲಿ ಮನ್ರೋನ ಚಂದವಿಲ್ಲ. ಅದು ಪಟ್ಟಿ ಮಾಡುವವನ ಒಣ ಗದ್ಯ. ಆದರೆ ಅವನು ಗದ್ದೆಗೆ ಇಳಿದು ಕೇಳುತ್ತಾನೆ: ಬೈಲು, ಮಜಲು, ಬೆಟ್ಟು ಗದ್ದೆಗಳಲ್ಲಿ ಎಷ್ಟು ಬಿತ್ತು, ಎಷ್ಟು ಬೆಳೆ? ಆಳಿಗೆ ದಿನಕ್ಕೆ ಎಷ್ಟು ಅಕ್ಕಿ? ಅವನ ಪುಟಗಳಲ್ಲಿ ಕೂಲಿಯಾಳು ಬೇರೆ, ಕೊಂಡುಕೊಂಡ ಮೂಲದಾಳು ಬೇರೆ ಎಂಬ ವಿವರ ಬರುತ್ತದೆ. ಮನುಷ್ಯರಿಗೆ ಬೆಲೆ ಇದ್ದದ್ದೂ ಬರುತ್ತದೆ. ಮನ್ರೋ ಭೂಮಿಯ ಮಾರಾಟದ ಹಕ್ಕನ್ನು ಕೆನರಾದ ಹೆಮ್ಮೆಯೆಂಬಂತೆ ವಿವರಿಸಿದ ನೆಲದಲ್ಲೇ ಆ ಭೂಮಿಯನ್ನು ಉತ್ತವರ ಮಾರಾಟವೂ ನಡೆಯುತ್ತಿತ್ತು. ಇಬ್ಬರು ಲೇಖಕರನ್ನು ಅಕ್ಕಪಕ್ಕ ಇಟ್ಟು ಓದಿದಾಗಲೇ ಇದು ಕಾಣುವುದು. ಜೀವನಚರಿತ್ರೆ ಒಬ್ಬನ ಬೆನ್ನು ಹಿಡಿದು ಹೋಗುವ ಪ್ರಕಾರವಾದ್ದರಿಂದ ಅದಕ್ಕೆ ಈ ಅನುಕೂಲವಿಲ್ಲ.

ಇದು ಇನ್ನೂರು ವರ್ಷ ಹಳೆಯ ಜಗಳವೆಂದು ಬದಿಗಿಡುವಂತಿಲ್ಲ. ವರ್ಗ, ಮೂಲಗೇಣಿ, ಚಾಲಗೇಣಿ, ಕುಮ್ಕಿ ಇವೆಲ್ಲ ನಮ್ಮ ಕಡೆ ಇವತ್ತೂ ತಾಲೂಕು ಕಚೇರಿಯ ಜಗಲಿಯಲ್ಲಿ ಕೇಳುವ ಮಾತುಗಳು. ನನ್ನ ಅಜ್ಜ ಚಾಲಗೇಣಿ ಒಕ್ಕಲು. ವರ್ಷವರ್ಷ ಧಣಿಗಳ ಅಂಗಳಕ್ಕೆ ಗೇಣಿ ಅಕ್ಕಿ ಹೊತ್ತು, ಮುಂದಿನ ವರ್ಷವೂ ಉಳುಮೆ ತನಗೇ ಇರಲಿ ಎಂದು ಕೈಮುಗಿದು ಬಂದವರು. 1974ರ ತಿದ್ದುಪಡಿಯ ಬಳಿಕ ಡಿಕ್ಲರೇಶನ್ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಎರಡು ಎಕರೆಗೆ ಚಿಲ್ಲರೆ ಜಾಗ ತಮ್ಮ ಹೆಸರಿಗೆ ಮಾಡಿಕೊಂಡರು. ಮೂಲಗೇಣಿದಾರರಿಗೆ ಒಡೆತನ ಕೊಡುವ ಕಾಯಿದೆ ಬಂದದ್ದು 2011ರಲ್ಲಿ. ಕೆನರಾದ ಜನ ಅನಾದಿಯಿಂದ ಭೂಮಿಯ ಒಡೆಯರು ಎಂಬ ಮನ್ರೋನ ಸುಂದರ ವಾಕ್ಯ ನಮ್ಮ ಮನೆಯನ್ನು ಮುಟ್ಟಲು ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಮೂಲದಾಳುಗಳಾಗಿದ್ದವರ ಮೊಮ್ಮಕ್ಕಳಿಗೆ ಅದು ಇನ್ನೂ ಪೂರ್ತಿ ಮುಟ್ಟಿಲ್ಲ. ಹಾಗಾಗಿ 'ಜನ' ಎಂದು ಅವನು ಬರೆದಾಗ ಅದರಲ್ಲಿ ಯಾರಿದ್ದರು ಎಂದು ಕೇಳುವುದು ಓದುಗರ ಕೆಲಸ.

ಅವನ ಕೆನರಾದ ಬರಹಗಳಲ್ಲಿ ಇನ್ನೊಂದು ಸ್ವರವಿದೆ, ಅದು ಸೈನಿಕನದು. ಕಂಪೆನಿಯ ಅಧಿಕಾರ ಸುಮ್ಮನೆ ನೆಲೆಯೂರಲಿಲ್ಲ. ವಿಟ್ಲದ ಹೆಗ್ಗಡೆ ತಿರುಗಿಬಿದ್ದ. ಜಮಲಾಬಾದಿನ ಗಡಾಯಿಕಲ್ಲಿನ ಕೋಟೆ ಕೆಲಕಾಲ ಬಂಡಾಯಗಾರರ ಕೈಸೇರಿತು. 1800ರಲ್ಲಿ ವಿಟ್ಲದ ಹೆಗ್ಗಡೆಯನ್ನು ಹಿಡಿದು ನೇಣಿಗೇರಿಸಲಾಯಿತು. ಕಡತಗಳನ್ನು ಓದಿಸುತ್ತಿದ್ದ ತಿಂಗಳುಗಳೂ ಇವೇ. ಭೂಮಿಯ ಮೇಲಿನ ಹಕ್ಕಿಗೆ ಹಳೆಯ ದಾಖಲೆಯ ಆಧಾರ ಹುಡುಕಿದವನು, ಆಳುವ ಹಕ್ಕಿಗೆ ಅಂಥ ಆಧಾರ ಹೇಳಿದ ಅರಸುಮನೆತನಗಳ ಮಾತನ್ನು ಮಾತ್ರ ಕೇಳಲಿಲ್ಲ. ದತ್ತ ಜಿಲ್ಲೆಗಳಿಗೆ ಹೋದ ಮೇಲೆ ಅಲ್ಲಿನ 80 ಪಾಳೆಯಗಾರರ ವಿಷಯದಲ್ಲೂ ಹೀಗೆಯೇ ನಡೆಯಿತು. ಅವರನ್ನು ತೆಗೆದುಹಾಕಿದ ವೇಗ ಲಂಡನ್ನಿನ ನಿರ್ದೇಶಕರಿಗೇ ಹೆಚ್ಚಾಯಿತು ಅನ್ನಿಸಿತ್ತು. ರೈತನಿಗೂ ಸರಕಾರಕ್ಕೂ ನಡುವೆ ಯಾರೂ ಇರಬಾರದು ಎಂಬುದು ರೈತವಾರಿಯ ತಿರುಳು. ನಡುವಿನವರನ್ನು ತೆಗೆದಾಗ ರೈತನ ಎದುರು ಉಳಿಯುವುದು ಸರಕಾರ ಒಂದೇ.

ಇಷ್ಟು ಹೇಳಿ ಪಂಜಕ್ಕೆ ಬರುತ್ತೇನೆ. ಪರಿವಾರ ಪಂಚಲಿಂಗೇಶ್ವರನ ಈ ಸೀಮೆ ಘಟ್ಟದ ಬುಡದಲ್ಲಿದೆ. ಅತ್ತ ಕುಕ್ಕೆ ಸುಬ್ರಹ್ಮಣ್ಯ, ಇತ್ತ ಬೆಳ್ಳಾರೆ. 1799ರಲ್ಲಿ ಟಿಪ್ಪುವಿನಿಂದ ಕಂಪೆನಿಗೆ ಬಂದ ಕೆನರಾದಲ್ಲಿ ಪಂಜವೂ ಸೇರಿತ್ತು, ಅಂದರೆ ಮನ್ರೋನ ಆಡಳಿತದಲ್ಲಿ ಇದ್ದ ಊರು. ಆದರೆ 1804ರಲ್ಲಿ ಪಂಜ ಮತ್ತು ಬೆಳ್ಳಾರೆ ಕೊಡಗಿನ ಅರಸನ ಪಾಲಾದವು. ಯುದ್ಧದಲ್ಲಿ ನೆರವಾದ ದೊಡ್ಡ ವೀರರಾಜೇಂದ್ರನಿಗೆ ಘಟ್ಟದ ಮೇಲಿನ ಪಿರಿಯಾಪಟ್ಟಣದ ಬದಲಿಗೆ, ಇಷ್ಟು ವರಹದ ಹುಟ್ಟುವಳಿಯ ಜಾಗ ಎಂದು ಲೆಕ್ಕ ಹಾಕಿ ಕೊಟ್ಟದ್ದು. ಈ ತೀರ್ಮಾನ ಮನ್ರೋನದಲ್ಲ. ಅವನು ಆಗ ಬಳ್ಳಾರಿಯ ಕಡೆ ಇದ್ದ. ಆದರೂ ನಾಲ್ಕು ವರ್ಷ ಹಿಂದಿನ ಅವನ ವರದಿಯ ಪಕ್ಕದಲ್ಲಿ ಈ ಸಂಗತಿಯನ್ನು ಇಟ್ಟು ನೋಡಿ. ಒಂದೊಂದು ಗದ್ದೆಯ ಒಡೆಯ ಯಾರು ಎಂದು ಹರಿಹರನ ಕಾಲದವರೆಗೆ ಹೋಗಿ ಹುಡುಕಿದ ಸರಕಾರ, ಎರಡು ಇಡೀ ಸೀಮೆಗಳನ್ನು ಅಲ್ಲಿಯವರನ್ನು ಒಂದು ಮಾತು ಕೇಳದೆ ದಾಟಿಸಿತು. ಅಲ್ಲಿಂದ ಮುಂದೆ ಮನ್ರೋನ ಕತೆಯಲ್ಲಿ ಪಂಜದ ಸುದ್ದಿಯಿಲ್ಲ.

ಪಂಜ ಕಂಪೆನಿಯ ಲೆಕ್ಕಕ್ಕೆ ಮರಳಿ ಬಂದದ್ದು 1834ರಲ್ಲಿ, ಕೊಡಗಿನ ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಮೇಲೆ. ಅಮರ ಸುಳ್ಯ, ಪುತ್ತೂರು, ಪಂಜ, ಬೆಳ್ಳಾರೆ ಮತ್ತೆ ಕೆನರಾಕ್ಕೆ ಸೇರಿದವು. ಅರಸರ ಕಾಲದಲ್ಲಿ ಬೆಳೆದದ್ದರಲ್ಲೇ ತೆರಿಗೆ ಸಲ್ಲಿಸಬಹುದಿತ್ತು. ಈಗ ನಗದು ಬೇಕೆಂದರು. ಘಟ್ಟದ ಬುಡದ ಬೇಸಾಯಗಾರನ ಕೈಯಲ್ಲಿ ಭತ್ತವಿತ್ತು, ಅಡಿಕೆಯಿತ್ತು. ಹಣ ಇದ್ದದ್ದು ಪೇಟೆಯ ಸಾಹುಕಾರನಲ್ಲಿ. ಕಂದಾಯದ ಗಡುವಿನಲ್ಲಿ ಸಿಕ್ಕಿದ ಬೆಲೆಗೆ ಮಾರಬೇಕು, ಇಲ್ಲವೇ ಸಾಲ ಮಾಡಬೇಕು. ಇದಕ್ಕೆ ಮೊದಲೇ, 1830-31ರಲ್ಲಿ, ಕೆನರಾದ ರೈತರು ಕೂಟ ಕಟ್ಟಿ ಕಂದಾಯ ಇಳಿಸಿ ಎಂದು ಪಟ್ಟು ಹಿಡಿದಿದ್ದರು. 1837ರಲ್ಲಿ ಸುಳ್ಯದ ಕಡೆಯ ಗೌಡರು ಮತ್ತು ಇತರರು ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳ್ತನದಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡು ಕಟ್ಟಿ ಬೆಳ್ಳಾರೆಯ ಖಜಾನೆ ವಶ ಮಾಡಿಕೊಂಡು ಮಂಗಳೂರಿಗೆ ಇಳಿದರು. ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿ ಸುಮಾರು ಎರಡು ವಾರ ಮಂಗಳೂರನ್ನು ಹಿಡಿದಿಟ್ಟರು. ಕಲ್ಯಾಣಪ್ಪನ ಕಾಟಕಾಯಿ ಎಂದು ನಮ್ಮ ಕಡೆಯ ಹಿರಿಯರು ಹೇಳುವುದು ಇದನ್ನೇ.

ಮನ್ರೋ ತೀರಿಕೊಂಡು ಆಗ ಹತ್ತು ವರ್ಷ. 1837ರ ಹೊಣೆಯನ್ನು ಅವನ ತಲೆಗೆ ಕಟ್ಟುವುದು ಅನ್ಯಾಯ. ಅತಿಯಾದ ಕಂದಾಯ ನಾಡನ್ನು ಹಾಳು ಮಾಡುತ್ತದೆಂದು ಅವನು ಮತ್ತೆ ಮತ್ತೆ ಬರೆದವನು. 1807ರಲ್ಲಿ ದತ್ತ ಜಿಲ್ಲೆಗಳ ಕಂದಾಯವನ್ನು ಶೇಕಡಾ 25ರಷ್ಟು ಇಳಿಸಬೇಕೆಂದು ಕೇಳಿ, ಸಿಗದೆ, ಗವರ್ನರ್ ಆದ ಮೇಲೆ ತಾನೇ ಆ ದಿಕ್ಕಿನಲ್ಲಿ ಆಜ್ಞೆ ಮಾಡಿದವನು. ಅಧಿಕಾರಿ ಜಾಣನಾಗಿದ್ದರೆ, ಸಹನೆಯಿದ್ದರೆ, ಕಡತ ಓದಬಲ್ಲವನಾದರೆ ಅವನ ವ್ಯವಸ್ಥೆ ಸಹ್ಯವಾಗುತ್ತಿತ್ತು. ಪ್ರಶ್ನೆ ಇರುವುದು ಅಲ್ಲೇ. ಎಲ್ಲವೂ ಒಬ್ಬ ಒಳ್ಳೆಯ ಅಧಿಕಾರಿಯ ಕಿವಿಯ ಮೇಲೆ ನಿಂತ ವ್ಯವಸ್ಥೆಯಲ್ಲಿ, ಆ ಕಿವಿ ಎದ್ದು ಹೋದ ದಿನ ರೈತನಿಗೆ ಏನು ಉಳಿಯುತ್ತದೆ? ಬೆಳ್ಳಾರೆಯವರು ಖಜಾನೆಗೆ ನುಗ್ಗಿ ಇದಕ್ಕೆ ಉತ್ತರ ಕೊಟ್ಟರು. ಜೀವನಚರಿತ್ರೆಗೆ ಒಳ್ಳೆಯ ಅಧಿಕಾರಿ ಇಷ್ಟವಾಗುವುದು ಸಹಜ. ಅದು ವ್ಯಕ್ತಿಯ ಗುಣದ ಸುತ್ತ ಬೆಳೆಯುವ ಪ್ರಕಾರ. ಆದರೆ ಗುಣವನ್ನು ವ್ಯವಸ್ಥೆಯ ಜಾಗದಲ್ಲಿ ಕೂರಿಸಿದಾಗ ಅದು ಇತಿಹಾಸಕ್ಕೆ ಮೋಸ ಮಾಡುತ್ತದೆ.

ಗವರ್ನರ್ ಮನ್ರೋನ ಟಿಪ್ಪಣಿಗಳಲ್ಲೂ ಇದೇ ಮಿತಿ ಕಾಣುತ್ತದೆ. 1824ರ ಡಿಸೆಂಬರ್ 31ರ ಅವನ ಟಿಪ್ಪಣಿ ಬಹಳ ಪ್ರಸಿದ್ಧ. ಭಾರತೀಯರು ತಮ್ಮನ್ನು ತಾವೇ ಆಳಿಕೊಳ್ಳುವ ಕಾಲ ಬರಬೇಕು, ಅವರನ್ನು ದೊಡ್ಡ ಹುದ್ದೆಗಳಿಂದ ದೂರ ಇಡುವುದು ಅವರನ್ನು ಕೀಳು ಮಾಡಿದಂತೆ ಎಂಬ ನಿಲುವು ಅದರದ್ದು. ನಮ್ಮ ಲೇಖಕರು ಮೆಚ್ಚಿ ಉದ್ಧರಿಸುವುದು ಇದನ್ನು. ಆದರೆ 1822ರಲ್ಲಿ ಅವನೇ ಬರೆದ ಇನ್ನೊಂದು ಟಿಪ್ಪಣಿಯಿದೆ: ಪರಕೀಯರ ಆಳ್ವಿಕೆ ಮತ್ತು ಪತ್ರಿಕಾ ಸ್ವಾತಂತ್ರ್ಯ ಜೊತೆಯಲ್ಲಿ ಬಾಳಲಾರವು, ಆದ್ದರಿಂದ ಪತ್ರಿಕೆಗಳಿಗೆ ಸ್ವಾತಂತ್ರ್ಯ ಬೇಡ. ತರ್ಕ ಪ್ರಾಮಾಣಿಕವಾಗಿಯೇ ಇದೆ. ಜನ ತನಗೆ ಹೇಳಲಿ, ತಾನು ಕೇಳುತ್ತೇನೆ. ಅವರು ಒಬ್ಬರಿಗೊಬ್ಬರು ಅಚ್ಚಿನಲ್ಲಿ ಹೇಳಿಕೊಳ್ಳುವುದು ಮಾತ್ರ ಬೇಡ. ಅದೇ 1822ರಲ್ಲಿ ಅವನು ಮದ್ರಾಸ್ ಪ್ರಾಂತದ ಊರೂರಿನ ಶಾಲೆಗಳ ಎಣಿಕೆಗೆ ಆಜ್ಞೆ ಮಾಡಿದ. 12,498 ಶಾಲೆಗಳ ಲೆಕ್ಕ ಬಂತು. ಧರಂಪಾಲರು ಅದನ್ನು ಮತ್ತೆ ಬೆಳಕಿಗೆ ತಂದ ಮೇಲೆ ಇವತ್ತೂ ಚರ್ಚೆಯಲ್ಲಿದೆ. ಕೆನರಾದ ಕಲೆಕ್ಟರ್ ಮಾತ್ರ, ಇಲ್ಲಿ ಪಾಠ ನಡೆಯುವುದೆಲ್ಲ ಖಾಸಗಿಯಾಗಿ ಎಂಬ ಕಾರಣ ಕೊಟ್ಟು ಪಟ್ಟಿ ತುಂಬಿಸಿ ಕಳಿಸಲಿಲ್ಲ. ಮನ್ರೋನ ಆ ದೊಡ್ಡ ಕೋಷ್ಟಕದಲ್ಲೂ ನಮ್ಮ ನಾಡಿನ ಸಾಲು ಖಾಲಿ.

ಈ ಖಾಲಿಯನ್ನು ತುಂಬುವ ಕೆಲಸ ಕನ್ನಡದಲ್ಲಿ ನಡೆದಿಲ್ಲವೆಂದಲ್ಲ. ಪಂಜಕ್ಕೆ ಹತ್ತಿರದ ಕುಳ್ಕುಂದದವರಾದ ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿ ಬರೆದರು. ಎನ್. ಶ್ಯಾಮ ಭಟ್ಟರು 1799ರಿಂದ 1860ರವರೆಗಿನ ದಕ್ಷಿಣ ಕನ್ನಡದ ಆಡಳಿತ ಮತ್ತು ಪ್ರತಿರೋಧವನ್ನು ದಾಖಲೆಗಳ ಸಮೇತ ಇಂಗ್ಲಿಷಿನಲ್ಲಿ ಬರೆದರು. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿತು. ಅತ್ತ ಚೆನ್ನೈಯಲ್ಲಿ ಚಾಂಟ್ರಿ ಎರಕ ಹೊಯ್ದ ಮನ್ರೋ 1839ರಿಂದ ಕುದುರೆಯ ಮೇಲೆ ಕೂತಿದ್ದಾನೆ. ಕುದುರೆಗೆ ಜೀನು, ರಿಕಾಪುಗಳಿಲ್ಲ, ಶಿಲ್ಪಿ ಮರೆತ ಎಂದು ಜನ ಕತೆ ಕಟ್ಟಿದ್ದಾರೆ. ಪ್ರತಿಮೆಗೆ ಪ್ರತಿಮೆ ಎದುರಿಟ್ಟರೆ ಲೆಕ್ಕ ಸರಿಹೋಗುತ್ತದೆಂದು ನನಗೆ ಅನ್ನಿಸುವುದಿಲ್ಲ. ವೀರಗಾಥೆಯೂ ಒಬ್ಬನ ಬೆನ್ನು ಹಿಡಿದೇ ಹೋಗುತ್ತದೆ. ದಂಡಿನ ಹಿಂದೆ ಅಕ್ಕಿ ಮೂಟೆ ಹೊತ್ತ ಮೂಲದಾಳು ಅಲ್ಲಿಯೂ ಹೆಸರಿಲ್ಲದವನೇ.

ಮಂತ್ರಾಲಯದ ಕತೆಯನ್ನು ಈಗ ಇನ್ನೊಮ್ಮೆ ಓದಬಹುದು. ಅದನ್ನು ಮನ್ರೋನ ಭಕ್ತಿಗೆ ಸಾಕ್ಷಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅದು ಕಂದಾಯದ ಕತೆಯಾಗಿ ಕೇಳಿಸುತ್ತದೆ. ಅಧಿಕಾರಿ ಭೂಮಿ ಕಿತ್ತುಕೊಳ್ಳಲು ಬರುತ್ತಾನೆ, ಒಂದು ಧ್ವನಿ ಅವನನ್ನು ತಡೆಯುತ್ತದೆ, ಭೂಮಿ ಉಳಿಯುತ್ತದೆ. ಕಲೆಕ್ಟರನಿಗೆ ತಮ್ಮ ಮಾತು ಕೇಳಿಸಬೇಕಾದರೆ ಸಮಾಧಿಯೊಳಗಿಂದ ಗುರುಗಳೇ ಮಾತಾಡಬೇಕಾಯಿತು ಎಂದು ಜನ ಕಲ್ಪಿಸಿಕೊಂಡದ್ದರಲ್ಲಿ ಮೆಚ್ಚುಗೆಯಷ್ಟೇ ಅಂಜಿಕೆಯೂ ಇದೆ. ಕಳೆದುಕೊಳ್ಳದೆ ಉಳಿದದ್ದಕ್ಕೆ ಹುಟ್ಟಿದ ಕೃತಜ್ಞತೆ ಅದು. ಪಂಜ, ಬೆಳ್ಳಾರೆಯ ಕಡೆ ಮನ್ರೋನ ಬಗ್ಗೆ ಇಂಥ ಒಂದು ಕತೆಯನ್ನೂ ನಾನು ಕೇಳಿಲ್ಲ.

ಮನ್ರೋನನ್ನು ಓದುವುದು ಬಿಡಬೇಕೆಂದು ನಾನು ಹೇಳುತ್ತಿಲ್ಲ, ಕನ್ನಡದಲ್ಲಿ ಹೆಚ್ಚು ಓದಬೇಕೆಂದೇ ಹೇಳುತ್ತಿದ್ದೇನೆ. 1800ರ ಅವನ ಎರಡು ಕೆನರಾ ವರದಿಗಳು, ಬುಕಾನನ್ನನ ಕರಾವಳಿಯ ಪುಟಗಳು, 1837ರ ಬಂಡಾಯಗಾರರ ನಿರೂಪಗಳು, ಮನೆಗಳ ಅಟ್ಟದಲ್ಲಿ ಇನ್ನೂ ಉಳಿದಿರಬಹುದಾದ ಕಡತಗಳು ಒಂದೇ ಸಂಪುಟದಲ್ಲಿ ಅಕ್ಕಪಕ್ಕ ಬರಬೇಕು. ಆಗ ಮನ್ರೋ ಒಳ್ಳೆಯ ಲೇಖಕನಾಗಿಯೇ ಉಳಿಯುತ್ತಾನೆ. ಜೊತೆಗೆ, ಅವನು ಯಾರ ಮಾತು ಕೇಳಿಸಿಕೊಂಡ, ಯಾರದನ್ನು ಕೇಳಿಸಿಕೊಳ್ಳಲಿಲ್ಲ ಎಂಬುದೂ ಓದುವವರಿಗೆ ಕಾಣುತ್ತದೆ.